ಸಭೆಗೆ ಬಾರದವರಿಗೆ ಬರೆಯುವುದು

ಹೈದರಾಬಾದಿನ ಹಿಮಾಯತ್‌ನಗರದಲ್ಲಿ ನೆಲೆಸಿ, ಕನ್ನಡ ಸಂಘವೊಂದರ ಸದಸ್ಯರ ಪತ್ರಿಕೆಗೆ ಬರೆದ, ಬರೆಸಿದ, ಬೇರೆಯವರು ಬರೆದದ್ದನ್ನು ತಿದ್ದಿದ ವರ್ಷಗಳ ಕಡೆಗೆ ಈಗ ತಿರುಗಿ ನೋಡಿದರೆ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತಿರುವುದು ಒಂದೇ ವಿಚಾರ. ಸಂಘದ ಪತ್ರಿಕೆಗೆ ಬರೆಯುವವರು ಸಭೆಗೆ ಬಂದವರನ್ನು ನೆನೆದು ಬರೆಯಬಾರದು, ಬಾರದವರನ್ನು ನೆನೆದು ಬರೆಯಬೇಕು. ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಸದಸ್ಯರೇ ಅಲ್ಲದವರ ಕೈಗೆ ಆ ಹಾಳೆ ಸಿಕ್ಕರೆ ಅವರೂ ನಿಂತು ಓದುವಂತೆ ಬರೆಯಬೇಕು. ನಮ್ಮವರಿಗಷ್ಟೇ ಸಾಕು ಎಂದು ಬರೆದದ್ದನ್ನು ನಮ್ಮವರೂ ಓದುವುದಿಲ್ಲ. ಮೊದಲು ಕೇಳಿದಾಗ ಇದು ತಲೆಕೆಳಗಾದ ಮಾತೆನಿಸುತ್ತದೆ. ಸದಸ್ಯರು ವಂತಿಗೆ ಕೊಟ್ಟಿದ್ದಾರೆ, ಪತ್ರಿಕೆ ಅವರದು, ಹೊರಗಿನವರ ಚಿಂತೆ ನಮಗೇಕೆ ಎಂದು ಯಾರಾದರೂ ಕೇಳಬಹುದು. ಆ ಪ್ರಶ್ನೆಯನ್ನು ಕೇಳಿದವರೆಲ್ಲ ಸಂಘದ ಮೇಲೆ ಪ್ರೀತಿಯಿದ್ದವರೇ ಆದ್ದರಿಂದ ಅದಕ್ಕೆ ಸಾವಧಾನವಾಗಿ ಉತ್ತರ ಕೊಡುವುದು ನನಗೆ ಅಗತ್ಯವೆನಿಸಿದೆ.

ಈ ವಿಚಾರ ಮಾಡಲು ಹಿಮಾಯತ್‌ನಗರ ತಕ್ಕ ಜಾಗ. ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಹಿರಿಯ ಮಗ ಹಿಮಾಯತ್ ಅಲಿ ಖಾನರ ಹೆಸರು ಹೊತ್ತ ಈ ಬಡಾವಣೆಯಲ್ಲಿ ಉರ್ದು ಹಾಲ್ ಇದೆ. ತೆಲುಗಿನಲ್ಲಿ ಕಾಲೇಜು ಪಠ್ಯಗಳನ್ನು ಸಿದ್ಧಪಡಿಸಲೆಂದು 1968ರಲ್ಲಿ ಹುಟ್ಟಿದ ತೆಲುಗು ಅಕಾಡೆಮಿ ಇದೆ. ನಾರಾಯಣಗುಡ ದಾಟಿ ಕಾಚಿಗುಡಕ್ಕೆ ಹೋದರೆ ಕರ್ನಾಟಕ ಸಾಹಿತ್ಯ ಮಂದಿರ, ಕನ್ನಡದ ಮಕ್ಕಳಿಗಾಗಿ ಕಟ್ಟಿದ ನೃಪತುಂಗ ಶಾಲೆ. ನಿಜಾಮರ ಆಳ್ವಿಕೆಯ ಕೊನೆಯ ದಶಕಗಳಲ್ಲಿ ಕಚೇರಿ, ಕೋರ್ಟು, ಉನ್ನತ ವಿದ್ಯೆ ಬಹುಮಟ್ಟಿಗೆ ಉರ್ದುವಿನಲ್ಲಿ ನಡೆದವು. ತೆಲುಗು, ಮರಾಠಿ, ಕನ್ನಡದವರು ತಮ್ಮ ಭಾಷೆಯ ಗ್ರಂಥಾಲಯ, ಶಾಲೆ, ಪತ್ರಿಕೆಗಳನ್ನು ವಂತಿಗೆ ಎತ್ತಿಯೇ ಕಟ್ಟಿಕೊಳ್ಳಬೇಕಾಯಿತು. 1901ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯ ಆ ದಾರಿಯ ಹಳೆಯ ಗುರುತು. ತೆಲುಗರ ಆ ಗ್ರಂಥಾಲಯಕ್ಕೆ ವಿಜಯನಗರದ ಅರಸನ ಹೆಸರು ಎನ್ನುವುದು ಕನ್ನಡಿಗರಿಗೂ ಹಿತವಾದ ಸಂಗತಿ. ಅಂತೂ ಈ ಊರಿನಲ್ಲಿ ಸದಸ್ಯತ್ವವೆಂದರೆ ಸಂಜೆ ಹೊತ್ತು ಕಳೆಯುವ ವ್ಯವಸ್ಥೆಯಾಗಿರಲಿಲ್ಲ, ಭಾಷೆಯೊಂದು ಬದುಕುಳಿಯುವ ಬಗೆಯಾಗಿತ್ತು. ಸಂಘದ ಬರವಣಿಗೆಯನ್ನು ನಾನು ಇಷ್ಟು ಗಂಭೀರವಾಗಿ ತೆಗೆದುಕೊಳ್ಳುವುದು ಅದಕ್ಕೇ.

ಸಂಘಗಳ ಪತ್ರಿಕೆಯಲ್ಲಿ ಹೆಚ್ಚು ಜಾಗ ಹಿಡಿಯುವುದು ಕಾರ್ಯಕ್ರಮದ ವರದಿ. ಅಂಥ ಒಂದು ಪುಟವನ್ನು ಹತ್ತಿರ ಹಿಡಿದು ನೋಡಬೇಕು. ಮೊದಲ ಸಾಲಿನಲ್ಲಿ ದಿನಾಂಕ, ಸಭಾಂಗಣದ ಹೆಸರು, ಜತೆಗೆ ‘ವಿಜೃಂಭಣೆಯಿಂದ’ ಎಂಬ ಮಾತು. ಎರಡನೆಯದರಲ್ಲಿ ಗಣ್ಯರು ದೀಪ ಬೆಳಗಿದ್ದು, ಪ್ರಾರ್ಥನೆ ಹಾಡಿದವರ ಹೆಸರು. ಮುಂದೆ ಯಾರು ಸ್ವಾಗತಿಸಿದರು, ಯಾರು ಪ್ರಾಸ್ತಾವಿಕ ನುಡಿಗಳನ್ನಾಡಿದರು, ಯಾರು ಅಧ್ಯಕ್ಷತೆ ವಹಿಸಿದ್ದರು. ಮುಖ್ಯ ಅತಿಥಿಗಳು ವಚನ ಸಾಹಿತ್ಯದ ಕುರಿತು ‘ಮನಮುಟ್ಟುವಂತೆ’ ಮಾತನಾಡಿದರು. ಆಮೇಲೆ ಶಾಲು, ಹಾರ, ಫಲತಾಂಬೂಲ, ಸ್ಮರಣಿಕೆ. ಕಡೆಗೆ ವಂದನಾರ್ಪಣೆ, ನಿರೂಪಣೆ, ಉಪಾಹಾರ. ಈ ಪುಟದಲ್ಲಿ ಸುಳ್ಳು ಒಂದೂ ಇಲ್ಲ, ಕಾಗುಣಿತವೂ ಸರಿಯಾಗಿಯೇ ಇದೆ. ಆದರೆ ಎಲ್ಲೆಲ್ಲಿಂದಲೋ ಪ್ರಯಾಣ ಮಾಡಿ ಬಂದು ಒಂದು ತಾಸು ಮಾತನಾಡಿದ ವಿದ್ವಾಂಸರ ವಿಚಾರಕ್ಕೆ ದಕ್ಕಿದ್ದು ‘ಮನಮುಟ್ಟುವಂತೆ’ ಎಂಬ ಒಂದೇ ಪದ. ಸಭೆಗೆ ಬಂದವರಿಗೆ ಈ ಪುಟ ಬೇಕಿಲ್ಲ, ಅವರು ಎಲ್ಲ ಕಂಡಿದ್ದಾರೆ. ಬಾರದವರಿಗೆ ಇದರಿಂದ ಏನೂ ಸಿಗುವುದಿಲ್ಲ. ಓದುವವರು ಹೆಸರು ಅಚ್ಚಾದವರು ಮಾತ್ರ, ಅವರೂ ತಮ್ಮ ಹೆಸರಿರುವ ಸಾಲಿನವರೆಗೆ.

ಅದೇ ಸಭೆಯಲ್ಲಿ ಅತಿಥಿಗಳು ಬಸವಕಲ್ಯಾಣದ ಬಗ್ಗೆ ಹೇಳಿದರು ಎಂದಿಟ್ಟುಕೊಳ್ಳಿ. ಹನ್ನೆರಡನೆಯ ಶತಮಾನದಲ್ಲಿ ಶರಣರು ಕೂಡಿದ್ದ ಕಲ್ಯಾಣ ಇಪ್ಪತ್ತನೆಯ ಶತಮಾನದಲ್ಲಿ ನಿಜಾಮರ ಅಧೀನದ ಒಬ್ಬ ನವಾಬರ ಜಾಗೀರಾಗಿತ್ತು; ಕಲ್ಯಾಣದ ಜನ ಹೈದರಾಬಾದನ್ನೇ ರಾಜಧಾನಿಯೆಂದು ನೋಡುತ್ತಿದ್ದರು. ವರದಿ ಅಲ್ಲಿಂದಲೇ ಶುರುವಾಗಲಿ. ಅತಿಥಿಗಳು ಯಾರು, ಎಲ್ಲಿಂದ ಬಂದರು ಎನ್ನುವುದು ಎರಡನೆಯ ಪ್ಯಾರಾದಲ್ಲಿ ಬರಲಿ. ದೀಪ, ಶಾಲು, ಹಾರಗಳು ಬಾರದಿದ್ದರೂ ನಡೆಯುತ್ತದೆ. ಸ್ವಾಗತಿಸಿದವರ, ವಂದಿಸಿದವರ ಹೆಸರುಗಳನ್ನು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಕೊಟ್ಟರೆ ಅವರ ಶ್ರಮಕ್ಕೆ ಮರ್ಯಾದೆಯೂ ಸಲ್ಲುತ್ತದೆ. ಹೀಗೆ ಬರೆದದ್ದನ್ನು ಸಭೆಗೆ ಬಾರದ ಸದಸ್ಯ ಓದುತ್ತಾನೆ, ಅವನ ಮನೆಗೆ ಬಂದ ಬೀದರಿನ ನೆಂಟರೂ ಓದುತ್ತಾರೆ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ ತನ್ನ ‘ಮಾತುಕತೆ’ ಪತ್ರಿಕೆಯಲ್ಲಿ ಶಿಬಿರದಲ್ಲಿ ಆಡಿದ ಮಾತುಗಳನ್ನೇ ಬರಹಕ್ಕಿಳಿಸಿ ಕೊಡುವ ಪದ್ಧತಿ ಇಟ್ಟುಕೊಂಡಿತು. ಅಲ್ಲಿಗೆ ಹೋಗಲಾಗದವರೂ ಆ ಮಾತಿನ ಪಾಲುದಾರರಾದರು. ವೇದಿಕೆಯಲ್ಲಿ ನಡೆದದ್ದಕ್ಕಿಂತ ವೇದಿಕೆಯಲ್ಲಿ ಆಡಿದ್ದು ದೊಡ್ಡದು ಎಂಬ ತೀರ್ಮಾನ ಅದರ ಹಿಂದಿದೆ.

ಮನೆಯೊಳಗಿನ ಪತ್ರಿಕೆಗೆ ಇಷ್ಟೆಲ್ಲ ಭಾರ ಹೊರಿಸಬೇಕೇ ಎನ್ನುವವರಿಗೆ ಕನ್ನಡದ ಚರಿತ್ರೆಯೇ ಉತ್ತರ ಹೇಳುತ್ತದೆ. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರಲ್ಲಿ, ಮರಾಠಿಯ ಎದುರು ಕನ್ನಡ ಮುದುಡಿ ಕೂತಿದ್ದ ಮುಂಬಯಿ ಪ್ರಾಂತದಲ್ಲಿ. ಆರು ವರ್ಷದ ಮೇಲೆ ಅದು ತಂದ ‘ವಾಗ್ಭೂಷಣ’ ಸಂಘದ ಪತ್ರಿಕೆಯೇ. ಆದರೆ ಅದನ್ನು ಇಂದಿಗೂ ನೆನೆಯುವುದು ಸಂಘದ ವರದಿಗಳಿಗಾಗಿ ಅಲ್ಲ, ಕನ್ನಡಕ್ಕೆ ಅದು ಒದಗಿಸಿದ ಬರವಣಿಗೆಗಾಗಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ ಒಂದು ಕಾಲೇಜಿನ ಅಧ್ಯಾಪಕರು, ಹುಡುಗರು ಸೇರಿ ಕಟ್ಟಿದ್ದು. ಅದಕ್ಕಿಂತ ಚಿಕ್ಕ ಸದಸ್ಯವರ್ಗ ಬೇಕೆಂದರೂ ಸಿಗದು. ಅಲ್ಲಿಂದ ಎ.ಆರ್. ಕೃಷ್ಣಶಾಸ್ತ್ರಿಗಳು ಹೊರತಂದ ‘ಪ್ರಬುದ್ಧ ಕರ್ಣಾಟಕ’ ಕಾಲೇಜಿನ ಗೋಡೆಯೊಳಗಿನ ಸುದ್ದಿಗೆ ನಿಲ್ಲಲಿಲ್ಲ. ಕನ್ನಡ ಓದಬಲ್ಲ ಯಾರಿಗಾದರೂ ಬೇಕಾಗುವಂಥದ್ದನ್ನೇ ಕೊಟ್ಟಿತು. ಮುಂದೆ ಮೈಸೂರು ವಿಶ್ವವಿದ್ಯಾನಿಲಯ ಅದನ್ನು ತನ್ನದಾಗಿ ಮಾಡಿಕೊಂಡಿತು. 1941ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಹೈದರಾಬಾದಿನಲ್ಲಿ ಸೇರಿದಾಗ ಅಧ್ಯಕ್ಷ ಪೀಠದಲ್ಲಿ ಕುಳಿತವರು ಅದೇ ಕೃಷ್ಣಶಾಸ್ತ್ರಿಗಳು. ಸಂಘದ ಪತ್ರಿಕೆ ಹೇಗಿರಬೇಕೆಂದು ಮಾಡಿ ತೋರಿಸಿದವರು ಈ ಊರಿಗೇ ಬಂದಿದ್ದರು ಎನ್ನುವುದನ್ನು ಇಲ್ಲಿಯ ಕನ್ನಡಿಗರು ಮರೆಯಬಾರದು. ಉರ್ದುವಿನವರ ಕಡೆ ನೋಡಿದರೂ ಇದೇ ಕಾಣುತ್ತದೆ. 1931ರಲ್ಲಿ ಮೊಹಿಯುದ್ದೀನ್ ಖಾದ್ರಿ ಜೋರ್ ಅವರು ಕಟ್ಟಿದ ಇದಾರಾ-ಎ-ಅದಬಿಯಾತ್-ಎ-ಉರ್ದು 1938ರಲ್ಲಿ ‘ಸಬ್‌ರಸ್’ ಎಂಬ ಮಾಸಪತ್ರಿಕೆ ತಂದಿತು. ಹದಿನೇಳನೆಯ ಶತಮಾನದ ದಖನಿ ಗದ್ಯಕೃತಿಯ ಹೆಸರನ್ನೇ ಅದಕ್ಕಿಟ್ಟರು. ಸಂಸ್ಥೆಯ ಪತ್ರಿಕೆಗೆ ಸಂಸ್ಥೆಯ ಹೆಸರನ್ನಿಡದೆ ನಾಡಿನ ಹಳೆಯ ಕೃತಿಯ ಹೆಸರಿಟ್ಟದ್ದರಲ್ಲೇ ಅವರ ಕಣ್ಣು ಎಲ್ಲಿತ್ತೆಂದು ತಿಳಿಯುತ್ತದೆ.

ಹೊರಗಿನವರೂ ಓದುವಂತಿರಬೇಕು ಎಂದರೆ ಎಲ್ಲರಿಗೂ ಒಗ್ಗುವ ಸಾಮಾನ್ಯ ಸಂಗತಿಗಳನ್ನು ಬರೆಯಬೇಕೆಂದಲ್ಲ. ಯುಗಾದಿಯ ಮಹತ್ವ, ಆರೋಗ್ಯವೇ ಭಾಗ್ಯ, ಸಮಯಪಾಲನೆ ಎಂಬಂಥ ಲೇಖನಗಳನ್ನು ಯಾವ ಊರಿನವರೂ ಬರೆಯಬಲ್ಲರು. ಅದಕ್ಕೆಂದೇ ಅವನ್ನು ಹೈದರಾಬಾದಿನಲ್ಲಿ ಕೂತು ಬರೆಯುವ ಅಗತ್ಯವಿಲ್ಲ. ಇಲ್ಲಿಯ ಸದಸ್ಯನಿಗೆ ಮಾತ್ರ ಗೊತ್ತಿರುವುದನ್ನು, ಗೊತ್ತಿಲ್ಲದವನಿಗೂ ತಿಳಿಯುವಂತೆ ಬರೆದಾಗ ಆ ಬರಹಕ್ಕೆ ಬೆಲೆ. ಒಂದು ಉದಾಹರಣೆಯನ್ನು ಬಿಡಿಸಿಯೇ ಹೇಳುತ್ತೇನೆ. ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಓದಿಗೆ, ನೌಕರಿಗೆ, ಕೋರ್ಟಿನ ಕೆಲಸಕ್ಕೆ ಅಲ್ಲಿಂದ ಬಂದು ಕಾಚಿಗುಡ, ಬರ್ಕತ್‌ಪುರ, ನಾರಾಯಣಗುಡ, ಹಿಮಾಯತ್‌ನಗರಗಳಲ್ಲಿ ನೆಲೆನಿಂತ ಮನೆಗಳ ಸಂದೂಕಗಳಲ್ಲಿ ಅಜ್ಜಂದಿರ ಕಾಲದ ಕಾಗದಗಳಿವೆ: ಜಮೀನಿನದು, ಸಾಲದ್ದು, ಶಾಲೆಯದು, ಸರಕಾರಿ ಹುಕುಮು. ಎಲ್ಲ ಉರ್ದುವಿನಲ್ಲಿ. ಅಜ್ಜನಿಗೆ ಉರ್ದು ನೀರು ಕುಡಿದಷ್ಟು ಸಲೀಸು, ಮೊಮ್ಮಗನಿಗೆ ಅದರ ಮೇಲಿನ ತಾರೀಖು ಕೂಡ ತಿಳಿಯದು. ಏಕೆಂದರೆ ಅದು ಇಸವಿಯಲ್ಲ, ಫಸಲಿ ವರ್ಷ. ತಿಂಗಳ ಹೆಸರುಗಳು ಅಜೂರ್, ದೈ, ಬಹ್ಮನ್ ಎಂದು ಇರಾನಿನ ಕ್ರಮದಲ್ಲಿ ಹೋಗುತ್ತವೆ. ವರ್ಷ ಶುರುವಾಗುವುದು ಅಕ್ಟೋಬರಿನಲ್ಲಿ. ಆ ಫಸಲಿ ಸಂಖ್ಯೆಗೆ 590 ಕೂಡಿಸಿದರೆ ಸುಮಾರಾಗಿ ನಮ್ಮ ಇಸವಿ ಸಿಗುತ್ತದೆ: 1357 ಫಸಲಿ ಎಂದರೆ 1947-48. ಹಣದ ಲೆಕ್ಕವೂ ಬೇರೆ. ಸಂಸ್ಥಾನದ ಹಾಲಿ ಸಿಕ್ಕಾ ಏಳು ರೂಪಾಯಿ ಬ್ರಿಟಿಷರ ಕಲ್ದಾರ್ ಆರು ರೂಪಾಯಿಗೆ ಸಮ ಎಂದು ಎಣಿಸುತ್ತಿದ್ದರು. ಇಷ್ಟು ತಿಳಿದರೆ ಸಾಲಪತ್ರದ ಮೊತ್ತ, ಕ್ರಯಪತ್ರದ ಕಾಲ ಎರಡೂ ಕೈಗೆ ಬರುತ್ತವೆ. ಹೆಚ್ಚಿನ ದಾಖಲೆ ಬೇಕಾದವರಿಗೆ ತಾರ್ನಾಕದಲ್ಲಿ ರಾಜ್ಯ ಪತ್ರಾಗಾರವಿದೆ. ಎರಡೇ ಪುಟದಲ್ಲಿ ಇದನ್ನೆಲ್ಲ ಬರೆಯಬಹುದು. ಒಂದು ಹಳೆಯ ಕಾಗದದ ಚಿತ್ರ ಕೊಟ್ಟು, ಯಾವ ಮೂಲೆಯಲ್ಲಿ ಏನಿದೆ ಎಂದು ಗುರುತು ಹಾಕಿ ತೋರಿಸಿದರೆ ಮುಗಿಯಿತು.

ಈ ಎರಡು ಪುಟ ಯಾರ ಯಾರ ಕೈಗೆ ಹೋಗುತ್ತದೆಂದು ಊಹಿಸಿ. ಸದಸ್ಯನು ಅದನ್ನು ತೆಗೆದಿಡುತ್ತಾನೆ. ರಾಯಚೂರಿನಲ್ಲಿರುವ ತನ್ನ ಅಣ್ಣನಿಗೆ ಕಳಿಸುತ್ತಾನೆ. ಕಲಬುರ್ಗಿಯ ವಕೀಲರಿಗೂ ಬೇಕಾಗುತ್ತದೆ, ಸಂಸ್ಥಾನದ ಚರಿತ್ರೆ ಓದುವ ವಿದ್ಯಾರ್ಥಿಗೂ ಬೇಕಾಗುತ್ತದೆ. ಅವರಾರೂ ಸಂಘದವರಲ್ಲ. ಆದರೆ ಹೀಗೆ ಹೊರಗಿನವರು ಹುಡುಕಿಕೊಂಡು ಬಂದ ಮೇಲೆಯೇ ಒಳಗಿನವರಿಗೆ ತಮ್ಮ ಪತ್ರಿಕೆ ಬೆಲೆಯುಳ್ಳದ್ದು ಅನ್ನಿಸುವುದು. ಇಂಥ ವಿಷಯಗಳು ಇನ್ನೂ ಬೇಕಾದಷ್ಟಿವೆ. ಬೀದರ್, ಗುಲ್ಬರ್ಗ, ರಾಯಚೂರು ಭಾಗದವರಿಗೆ ಓದು, ನೌಕರಿಗಳಲ್ಲಿ ಮೀಸಲಾತಿ ಒದಗಿಸುವ ಸಂವಿಧಾನದ 371(ಜೆ) ವಿಧಿ 2013ರಿಂದ ಜಾರಿಗೆ ಬಂದ ಮೇಲೆ, ಹೈದರಾಬಾದಿನಲ್ಲೇ ಹುಟ್ಟಿ ಬೆಳೆದ ರಾಯಚೂರು ಮೂಲದ ಹುಡುಗಿಗೆ ಕಲ್ಯಾಣ ಕರ್ನಾಟಕದ ಅರ್ಹತಾ ಪತ್ರ ಸಿಗುತ್ತದೆಯೇ, ಅದಕ್ಕೆ ಯಾವ ದಾಖಲೆ ತೋರಿಸಬೇಕು ಎಂಬ ಪ್ರಶ್ನೆ ಎಷ್ಟೋ ಮನೆಗಳಲ್ಲಿ ಎದ್ದಿದೆ. ಅದನ್ನು ನಿಯಮ ಓದಿ, ತಿಳಿದವರನ್ನು ಕೇಳಿ, ಆಧಾರ ಸಮೇತ ಬರೆಯುವುದು ಸಂಘದ ಪತ್ರಿಕೆ ಮಾಡಬಹುದಾದ ದೊಡ್ಡ ಸೇವೆ. ಅಲ್ಲೊಂದು ಎಚ್ಚರವೂ ಬೇಕು. ಉಪಯೋಗಕ್ಕೆಂದು ಬರೆದ ಲೇಖನದಲ್ಲಿ ತಪ್ಪಿದ್ದರೆ ಓದುಗ ತಾಲೂಕು ಕಚೇರಿಯಿಂದ ಬರಿಗೈಲಿ ವಾಪಸು ಬರುತ್ತಾನೆ. ಉರ್ದು ಬಲ್ಲ ಹಿರಿಯರೊಬ್ಬರು, ಕಾನೂನು ಬಲ್ಲವರೊಬ್ಬರು ಕರಡನ್ನು ನೋಡದೆ ಅಂಥದ್ದು ಅಚ್ಚಿಗೆ ಹೋಗಬಾರದು. ಒಂದು ಲೇಖನಕ್ಕೆ ಒಂದೇ ವಿಷಯ ಸಾಕು. ಫಸಲಿಯ ಜತೆಗೆ ಅರ್ಹತಾ ಪತ್ರವನ್ನೂ ತುರುಕಿದರೆ ಎರಡೂ ಕೆಡುತ್ತವೆ.

ಇಲ್ಲಿ ವಂತಿಗೆಯ ಪ್ರಶ್ನೆ ಮತ್ತೆ ಎದುರಾಗುತ್ತದೆ. ಹೊರಗಿನವರಿಗೂ ಎಲ್ಲ ಸಿಗುವುದಾದರೆ ಸದಸ್ಯನಾಗಿ ಹಣ ಕೊಡುವವರು ಯಾರು? ಇದು ತಳ್ಳಿಹಾಕುವ ಆಕ್ಷೇಪವಲ್ಲ. ಅಚ್ಚಿನ ಖರ್ಚು, ಅಂಚೆಯ ಖರ್ಚು ನಿಜವಾದವು. ಆದರೆ ಜನ ವಂತಿಗೆ ಕೊಡುವುದು ಬೇರೆಯವರಿಗೆ ಸಿಗದ್ದು ತಮಗೆ ಸಿಗಲೆಂದು ಎಂಬ ನಂಬಿಕೆಯನ್ನು ನಾನು ಒಪ್ಪಲಾರೆ. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಶುರುಮಾಡಿದ ಮನೋಹರ ಗ್ರಂಥಮಾಲೆ ನಿಂತದ್ದು ಚಂದಾದಾರರ ಬಲದ ಮೇಲೆ. ಮಾಲೆಯ ಪುಸ್ತಕಗಳು ಹೊರಗಿನವರಿಗೆ ನಿಷಿದ್ಧವಾಗಿರಲಿಲ್ಲ. ಆದರೂ ಜನ ಮುಂಗಡ ಹಣ ಕೊಟ್ಟರು, ಏನು ಬರುತ್ತದೆಂದು ಪೂರ್ತಿ ತಿಳಿಯದೆಯೇ ಕೊಟ್ಟರು. 1961ರಲ್ಲಿ ಇಪ್ಪತ್ತಮೂರರ ಹರೆಯದ, ಹೆಸರೇ ಕೇಳಿರದ ಯುವಕನ ಮೊದಲ ನಾಟಕವನ್ನು ಅಚ್ಚು ಹಾಕುವ ಧೈರ್ಯ ಮಾಲೆಗೆ ಬಂದದ್ದು ಬೆನ್ನ ಹಿಂದೆ ಇಂಥ ಓದುಗರಿದ್ದುದರಿಂದ. ಆ ನಾಟಕ ‘ಯಯಾತಿ’, ಯುವಕ ಗಿರೀಶ ಕಾರ್ನಾಡ. ಚಂದಾದಾರ ಕೊಟ್ಟ ಹಣಕ್ಕೆ ಪ್ರತಿಯಾಗಿ ಪಡೆದದ್ದು ಪುಸ್ತಕವೊಂದೇ ಅಲ್ಲ, ಅದು ಹುಟ್ಟುವುದರಲ್ಲಿ ತನ್ನದೊಂದು ಪಾಲು. ಪತ್ರಿಕೆ ಯೋಗ್ಯವಾಗಿದ್ದರೆ ಅದು ನಿಲ್ಲದಿರಲಿ ಎಂದು ಜನ ಕೊಡುತ್ತಾರೆ. ಅಯೋಗ್ಯವಾಗಿದ್ದರೆ ಬೀಗ ಹಾಕಿ ಇಟ್ಟರೂ ಕೊಡುವುದಿಲ್ಲ.

ಯೋಗ್ಯತೆಯಲ್ಲಿ ಬರವಣಿಗೆಯಷ್ಟೇ ಮುಖ್ಯವಾದದ್ದು ಹೇಳಿದ ದಿನಕ್ಕೆ ಬರುವುದು. 1898ರ ಅಂಚೆ ಕಾಯಿದೆ ಪತ್ರಿಕೆಗಳಿಗೆ ಅಗ್ಗದ ದರ ಕೊಡುವಾಗ ಹಾಕಿದ ಷರತ್ತುಗಳು ಗಮನಿಸುವಂಥವು. ಸಂಚಿಕೆಗಳ ನಡುವೆ 31 ದಿನಕ್ಕಿಂತ ಹೆಚ್ಚು ಅಂತರ ಇರಬಾರದು, ಚಂದಾದಾರರ ಪಟ್ಟಿ ನಿಜವಾದದ್ದಾಗಿರಬೇಕು. ಅಂದರೆ ಕ್ರಮ ತಪ್ಪದೆ ಬರುವುದು ಮತ್ತು ಓದುವವರು ಇರುವುದು, ಇವೆರಡು ಇದ್ದರೇ ಪತ್ರಿಕೆ ಎಂದು ಕಾನೂನು ಮಾಡಿದವರಿಗೂ ಅನ್ನಿಸಿತ್ತು. ಸಂಘಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ರಾಜ್ಯೋತ್ಸವಕ್ಕೆ ದಪ್ಪನೆಯ ಸ್ಮರಣ ಸಂಚಿಕೆ, ತುಂಬ ಶುಭಾಶಯದ ಸಂದೇಶಗಳು, ಜಾಹೀರಾತುಗಳು. ಮುಂದೆ ಹತ್ತು ತಿಂಗಳು ಮೌನ. ಮುಂಬಯಿಯ ಮೈಸೂರು ಅಸೋಸಿಯೇಷನ್ ‘ನೇಸರು’ ಎಂಬ ಮಾಸಪತ್ರಿಕೆಯನ್ನು ನಡೆಸಿಕೊಂಡು ಬಂದದ್ದನ್ನು ನಾನು ಗೌರವದಿಂದ ನೋಡುತ್ತೇನೆ. ಹೊರನಾಡಿನ ಸಂಘಕ್ಕೆ ತಿಂಗಳು ತಿಂಗಳು ಬರೆಯಿಸುವುದು ಎಷ್ಟು ಕಷ್ಟವೆಂದು ಈ ಕೆಲಸ ಮಾಡಿದವರಿಗೇ ಗೊತ್ತು. ಪುರುಸೊತ್ತಿಲ್ಲ, ಎಲ್ಲರೂ ನೌಕರಿ ಮಾಡುವವರು ಎನ್ನುವ ಮಾತು ನಿಜ. ಅದಕ್ಕೆ ಪರಿಹಾರ ಪುಟ ಕಡಿಮೆ ಮಾಡುವುದು, ಸಂಚಿಕೆ ತಪ್ಪಿಸುವುದಲ್ಲ. ನಾಲ್ಕೇ ಪುಟ ತಿಂಗಳ ಮೊದಲ ವಾರ ಬಂದರೆ ಓದುಗ ಕಾಯುತ್ತಾನೆ. ನೂರಿಪ್ಪತ್ತು ಪುಟ ಯಾವಾಗಲೋ ಬಂದರೆ ಕಪಾಟಿಗೆ ಹೋಗುತ್ತದೆ.

ಸದಸ್ಯರಿಗೆ ತಮ್ಮ ಹೆಸರು, ಫೋಟೊ ಕಾಣಬೇಕೆಂಬ ಆಸೆ ಇರುತ್ತದೆ, ಅದನ್ನು ಬಿಟ್ಟರೆ ಸಂಘ ಒಡೆಯುತ್ತದೆ ಎಂದು ಎಚ್ಚರಿಸುವವರಿದ್ದಾರೆ. ಆಸೆ ಸಹಜವಾದದ್ದೇ, ಅದನ್ನು ಹೀಗಳೆಯುವುದು ನನಗೆ ಸಮ್ಮತವಲ್ಲ. ಹೆಸರು ಯಾವುದರ ಕೆಳಗೆ ಬರುತ್ತದೆ ಎನ್ನುವುದಷ್ಟೇ ಪ್ರಶ್ನೆ. ತೆಲಂಗಾಣದಲ್ಲಿ ಕವಿಗಳೇ ಇಲ್ಲ ಎಂದು ಯಾರೋ ಆಡಿದ ಮಾತಿಗೆ ಉತ್ತರವಾಗಿ, 1926ರಿಂದ ‘ಗೋಲಕೊಂಡ ಪತ್ರಿಕ’ ನಡೆಸುತ್ತಿದ್ದ ಸುರವರಂ ಪ್ರತಾಪರೆಡ್ಡಿಯವರು 1934ರಲ್ಲಿ ‘ಗೋಲಕೊಂಡ ಕವುಲ ಸಂಚಿಕ’ ಹೊರತಂದರು. ಅದರಲ್ಲಿ 354 ಕವಿಗಳಿದ್ದಾರೆ. ಅಷ್ಟು ಜನರ ಹೆಸರು ಒಂದೇ ಪುಸ್ತಕದಲ್ಲಿ ಬಂದರೂ ಅದು ಹೆಸರುಗಳ ಪಟ್ಟಿಯಾಗಲಿಲ್ಲ, ಪ್ರತಿಯೊಬ್ಬರೂ ತಮ್ಮ ಪದ್ಯದೊಂದಿಗೆ ಬಂದರು. ತೆಲುಗು ನಾಡಿನವರೆಲ್ಲ ಅದನ್ನು ತಿರುಗಿ ನೋಡಬೇಕಾಯಿತು. ಸಂಘದ ಸದಸ್ಯರೂ ಹೀಗೇ ಬರಲಿ. ನಿವೃತ್ತ ರೈಲ್ವೆ ನೌಕರರೊಬ್ಬರಿಗೆ ಶಾಲು ಹೊದಿಸಿದ ಫೋಟೊಗಿಂತ, ಕಾಚಿಗುಡದಿಂದ ಮೀಟರ್‌ಗೇಜ್ ಹಳಿಯ ಮೇಲೆ ಗಾಡಿಗಳು ಓಡುತ್ತಿದ್ದ ದಿನಗಳ ಕೆಲಸ ಹೇಗಿತ್ತೆಂದು ಅವರಿಂದಲೇ ಹೇಳಿಸಿ ಬರೆದ ಒಂದು ಪುಟ ಅವರಿಗೆ ಹೆಚ್ಚಿನ ಸನ್ಮಾನ. ಬರೆಯಲು ಬಾರದವರಿದ್ದರೆ ಅವರ ಮಾತನ್ನು ಕೇಳಿ ಬರೆದುಕೊಳ್ಳುವವರು ಬೇಕು. ಸಂಪಾದಕ ಮಂಡಳಿ ಎಂದು ಹತ್ತು ಹೆಸರು ಅಚ್ಚು ಹಾಕುವ ಬದಲು ಹೀಗೆ ಕೇಳಿ ಬರೆಯುವ ಇಬ್ಬರು ತರುಣರನ್ನು ಹುಡುಕಿದರೆ ಸಾಕು.

ವಾಟ್ಸ್‌ಆಪ್ ಗುಂಪು ಇದೆಯಲ್ಲ, ಪತ್ರಿಕೆ ಯಾಕೆ ಎಂಬುದಕ್ಕೆ ಹೆಚ್ಚು ಹೇಳಬೇಕಾಗಿಲ್ಲ. ಸಭೆ ಎಷ್ಟು ಗಂಟೆಗೆ, ಯಾರ ಮನೆಯಲ್ಲಿ ಶುಭಕಾರ್ಯ, ಯಾರು ತೀರಿಕೊಂಡರು ಎನ್ನುವುದಕ್ಕೆ ಅದೇ ಸರಿ. ಅದು ಆ ಕೆಲಸ ಮಾಡುತ್ತಿರುವುದರಿಂದಲೇ ಪತ್ರಿಕೆ ಇನ್ನು ಆ ಕೆಲಸ ಮಾಡಬೇಕಿಲ್ಲ. ಫಸಲಿಯ ಲೆಕ್ಕವನ್ನು ಗುಂಪಿಗೆ ಹಾಕಿದರೆ ಸಂಜೆಯೊಳಗೆ ನೂರು ಶುಭೋದಯಗಳ ಅಡಿಗೆ ಹೋಗಿರುತ್ತದೆ.

ನನ್ನನ್ನು ಬಹಳ ಕಾಡಿದ ಆಕ್ಷೇಪ ಬೇರೆಯದು. ಹೈದರಾಬಾದಿನ ಕನ್ನಡ ಮನೆಗಳಲ್ಲಿ ಮಕ್ಕಳು ಕನ್ನಡ ಮಾತನಾಡುತ್ತಾರೆ, ಓದಲಾರರು; ಶಾಲೆಯಲ್ಲಿ ಇಂಗ್ಲಿಷು, ಜತೆಗೆ ತೆಲುಗೋ ಹಿಂದಿಯೋ. ಇನ್ನು ಇಪ್ಪತ್ತು ವರ್ಷಕ್ಕೆ ಓದುವವರೇ ಇಲ್ಲದಿರುವಾಗ ಯಾರಿಗಾಗಿ ಈ ದುಡಿಮೆ ಎನ್ನುತ್ತಾರೆ. ಸಭೆಗೆ ಬಾರದವರಲ್ಲಿ ಮೊದಲಿಗರು ಈ ಮಕ್ಕಳೇ ಆದ್ದರಿಂದ ನನ್ನ ವಾದಕ್ಕೆ ಇದೇ ನಿಜವಾದ ಪರೀಕ್ಷೆ. ಆದರೆ ಈ ಊರಿನ ಮಕ್ಕಳಿಗೆ ದಿಲ್ಲಿಯ, ಮುಂಬಯಿಯ ಕನ್ನಡದ ಮಕ್ಕಳಿಗಿಲ್ಲದ ಒಂದು ಅನುಕೂಲ ಇದೆ. ತೆಲುಗು ಓದಬಲ್ಲವರಿಗೆ ಕನ್ನಡದ ಅಕ್ಷರ ಅಪರಿಚಿತವಲ್ಲ. ಎರಡೂ ಒಂದೇ ಲಿಪಿಯಿಂದ ಕವಲೊಡೆದವು. ತಲೆಕಟ್ಟಿನ ಆಕಾರ ಬೇರೆ; ಕ, ತ, ಶ ಮುಂತಾದ ಕೆಲವು ಅಕ್ಷರಗಳನ್ನು ಹೊಸದಾಗಿ ಕಲಿಯಬೇಕು. ಉಳಿದವು ಬಹುಮಟ್ಟಿಗೆ ಗುರುತು ಸಿಗುತ್ತವೆ. ಬೀದಿಯ ಅಂಗಡಿ ಫಲಕ, ಬಸ್ಸಿನ ಬೋರ್ಡು ಓದುವ ಹುಡುಗನಿಗೆ ಕನ್ನಡ ಓದುವುದು ಕೆಲವು ವಾರಗಳ ಅಭ್ಯಾಸದ ಮಾತು. ಹಾಗಾಗಿ ಪ್ರತಿ ಸಂಚಿಕೆಯ ಕೊನೆಯ ಪುಟವನ್ನು ಅವರಿಗೆ ಬಿಡಬೇಕೆಂದು ನಾನು ಹೇಳುತ್ತ ಬಂದಿದ್ದೇನೆ. ಮೇಲುಗಡೆ ಭೇದವಿರುವ ಅಕ್ಷರಗಳು ಮಾತ್ರ, ತೆಲುಗಿನದು ಎಡಕ್ಕೆ, ಕನ್ನಡದ್ದು ಬಲಕ್ಕೆ. ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ ಹತ್ತು ಸಾಲಿನ ಕನ್ನಡ. ಆ ಹತ್ತು ಸಾಲಿನಲ್ಲಿ ನೀತಿಕಥೆ ಬೇಡ. ಅವರ ಅಜ್ಜ ಯಾವ ಊರಿಂದ, ಯಾವ ಗಾಡಿ ಹತ್ತಿ, ಏನು ಓದಲೆಂದು ಹೈದರಾಬಾದಿಗೆ ಬಂದರು ಎಂಬುದಿರಲಿ. ಒಂದು ತಿಂಗಳು ಒಂದು ಮನೆಯದು, ಮುಂದಿನ ತಿಂಗಳು ಇನ್ನೊಂದು ಮನೆಯದು. ಬರೆಯುವವರು ಆ ಮನೆಯ ದೊಡ್ಡವರು, ತಪ್ಪಿದ್ದಲ್ಲಿ ತಿದ್ದಲು ಸಂಪಾದಕರಿದ್ದಾರೆ.